ಏಳನೇ ಠರಾವು

ಲೆಕ್ಕದ ಮೇಡಂ ಕಾಲು ಮುರಿದುಕೊಂಡದ್ದು ಯಾವ ಘನಕಾರ್ಯ ಮಾಡಲು ಹೋಗಿಯೂ ಅಲ್ಲ. ಚಳಿಗಾಲದ ಮೊದಲ ವಾರ, ಶಾಲೆಯ ಮುಂಬಾಗಿಲ ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂತಿತ್ತು. ಓಡಬೇಡಿ, ಜಾರುತ್ತೆ ಎಂದು ಮಕ್ಕಳನ್ನು ಗದರುತ್ತ ಗದರುತ್ತ ಅವರೇ ಜಾರಿದರು. ಮಕ್ಕಳೆಲ್ಲ ಓಡಿಕೊಂಡೇ ಹೋದರು, ಒಬ್ಬರೂ ಬೀಳಲಿಲ್ಲ. ಬಲಪಾದದ ಎರಡು ಮೂಳೆ ಮುರಿದಿವೆ, ಆರು ವಾರ ಪ್ಲಾಸ್ಟರ್, ಅಷ್ಟು ದಿನ ಆ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಮನೆಯಲ್ಲಿ ಇದ್ದವಳು ತಂಗಿ ಒಬ್ಬಳೇ. ಹೊಲಿಗೆ ಯಂತ್ರದ ಮುಂದೆ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದ ಅವಳು, ಪ್ಲಾಸ್ಟರಿನಿಂದ ಹೊರಗಿಣುಕುವ ಐದು ಬೆರಳು ಚಳಿಗೆ ನೀಲಿಯಾಗುವುದನ್ನು ನೋಡಿ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಅವಕ್ಕೆ ಒಂದು ಟೋಪಿ ಹೊಲಿದುಕೊಟ್ಟಳು. ಜೊತೆಗೆ ಬೈಗುಳವನ್ನೂ ಧಾರಾಳವಾಗಿ ಕೊಟ್ಟಳು. ಮೂವತ್ತು ವರ್ಷ ದುಡಿದ ಮೇಲೆ ದೇವರು ಆರು ವಾರ ರಜಾ ಕೊಟ್ಟಿದ್ದಾನೆ, ಸುಮ್ಮನೆ ಬಿದ್ದಿರು ಎಂಬುದು ಅವಳ ಮಾತಿನ ಸಾರ.

ಸುಮ್ಮನೆ ಬಿದ್ದಿರುವ ಜೀವವಲ್ಲ ಅದು. ಹತ್ತನೇ ತರಗತಿಯ 'ಡಿ' ವಿಭಾಗ ಅವರದ್ದು. ಲೆಕ್ಕ ಎಂದರೆ ಹೊಟ್ಟೆನೋವು ಬರುವ ಮೂವತ್ತೊಂದು ಮಕ್ಕಳನ್ನು ಉಳಿದ ವಿಭಾಗದವರು ಆರಿಸಿ ಆರಿಸಿ ಅದಕ್ಕೆ ತಳ್ಳಿದ್ದರು. ಎರಡು ವರ್ಷದಿಂದ ಅವರನ್ನು ಎಳೆದೂ ದಬ್ಬಿಯೂ ಮೇಡಂ ಒಂದು ದಡ ಮುಟ್ಟಿಸುತ್ತಿದ್ದರು. ಪರೀಕ್ಷೆಗೆ ಇನ್ನು ಹತ್ತೇ ವಾರ. ಅದರಲ್ಲಿ ಆರು ವಾರ ಬೇರೆಯವರ ಕೈಗೆ ಹೋದರೆ ಮಕ್ಕಳು ಎಲ್ಲಿಂದ ಬಂದಿದ್ದರೋ ಅಲ್ಲಿಗೇ ವಾಪಸ್ಸು.

ಶನಿವಾರ ಹೆಡ್‌ಮಾಸ್ಟರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆರೋಗ್ಯವೇ ಮುಖ್ಯ ಎಂದರು, ಚಳಿ ಜಾಸ್ತಿ ಎಂದರು, 'ಡಿ' ವಿಭಾಗಕ್ಕೆ ಲೆಕ್ಕ ಹೇಳಲು ಹೊಸ ಹುಡುಗ ಒಬ್ಬನನ್ನು ಹಾಕಿ ಆಗಿದೆ ಎಂಬುದನ್ನು ಎದ್ದು ಹೋಗುವಾಗ ಹೇಳಿದರು. ಸೋಮವಾರ ನಾನೇ ಬರುತ್ತೇನೆ, ಊರುಗೋಲು ಇದೆ ಎಂದರು ಮೇಡಂ. ಆಗ ಹೆಡ್‌ಮಾಸ್ಟರು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಶಾಲೆಯ ನಡಾವಳಿ ಪುಸ್ತಕದ ಪುಟ. ಏಳನೇ ಠರಾವು: 'ಶಿಕ್ಷಕರು ನಿಂತೇ ಪಾಠ ಮಾಡತಕ್ಕದ್ದು. ತರಗತಿಗಳಲ್ಲಿ ಕುರ್ಚಿ ಇರತಕ್ಕದ್ದಲ್ಲ. ನಿಲ್ಲಲಾಗದವರಿಗೆ ತರಗತಿ ಕೊಡತಕ್ಕದ್ದಲ್ಲ.'

ಅಕ್ಷರ ಮುತ್ತಿನಂತಿತ್ತು. ಮೇಡಂ ಅವರದ್ದೇ.

ಎಂಟು ವರ್ಷದ ಹಿಂದಿನ ಮಾತು. ಆಗ ಚರಿತ್ರೆ ಪಾಠ ಹೇಳುತ್ತಿದ್ದ ಮೇಷ್ಟ್ರು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಾರೆ, ಗೊರಕೆ ಪಕ್ಕದ ಕೋಣೆಗೆ ಕೇಳುತ್ತದೆ ಎಂಬ ದೂರು ಇತ್ತು. ಪಕ್ಕದ ಕೋಣೆ ಲೆಕ್ಕದ ಮೇಡಂದು. ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ ಅದು, ಈಗಲೂ ಬಹಳ ದೂರ ಹೋಗಿಲ್ಲ. ಅವರು ಸಭೆ ಕರೆಸಿ, ಠರಾವು ಬರೆದು, ಎಲ್ಲರ ಸಹಿ ಹಾಕಿಸಿ, ಒಂದೇ ದಿನದಲ್ಲಿ ಇಡೀ ಶಾಲೆಯ ಕುರ್ಚಿಗಳನ್ನು ಸಭಾಂಗಣಕ್ಕೆ ಸಾಗಿಸಿದ್ದರು. ಚರಿತ್ರೆ ಮೇಷ್ಟ್ರನ್ನು ಪುಸ್ತಕದ ಉಗ್ರಾಣಕ್ಕೆ ಹಾಕಿದರು. ಅಲ್ಲಿ ನಾಲ್ಕು ತಿಂಗಳು ಧೂಳು ಕುಡಿದು ಅವರು ಅವಧಿಗೆ ಮೊದಲೇ ನಿವೃತ್ತಿ ತಗೊಂಡರು. ಅಂದಿನಿಂದ ಮೇಡಂ ಒಂದು ಪೀರಿಯಡ್ಡೂ ಕೂತವರಲ್ಲ. ಮಕ್ಕಳು ಅವರಿಗೆ ಕಂಬ ಎಂದು ಹೆಸರಿಟ್ಟಿದ್ದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

"ನಿಯಮ ನಿಮ್ಮದೇ ಅಲ್ವಾ ಮೇಡಂ," ಎಂದರು ಹೆಡ್‌ಮಾಸ್ಟರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

"ನಿಂತು ಪಾಠ ಮಾಡಿದರೆ ಆಯ್ತಲ್ಲ ಸರ್? ಎಷ್ಟು ಕಾಲಲ್ಲಿ ಅಂತ ಅದರಲ್ಲಿ ಬರೆದಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ತಂಗಿ ಒಳಗಿನಿಂದ ಗೊಣಗಿದ್ದು ಇಬ್ಬರಿಗೂ ಕೇಳಿಸಿತು.

ಸೋಮವಾರ ಮಂಜು ಎಷ್ಟಿತ್ತೆಂದರೆ ಶಾಲೆಯ ಗೇಟು ಹತ್ತು ಹೆಜ್ಜೆ ಹತ್ತಿರ ಹೋಗುವವರೆಗೂ ಕಾಣಲಿಲ್ಲ. 'ಡಿ' ವಿಭಾಗ ಇದ್ದದ್ದು ಎರಡನೇ ಮಹಡಿಯಲ್ಲಿ, ಮೂವತ್ತೆಂಟು ಮೆಟ್ಟಿಲು. ಮೇಡಂ ಮೊದಲ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತರು, ಎರಡು ಕೈ ಊರಿ ಹಿಂದಿನ ಮೆಟ್ಟಿಲಿಗೆ ಏರಿದರು, ಮತ್ತೆ ಇನ್ನೊಂದು. ಊರುಗೋಲು ಹಿಡಿದು ಜವಾನ ಹಿಂದೆ ಹಿಂದೆ ಬಂದ. ಇಳಿಯುವ ಮಕ್ಕಳು ಕಣ್ಣರಳಿಸಿ ನಿಂತರೆ, ನೋಡುವುದಕ್ಕೇನಿದೆ, ಇಳಿಯೋದು ಎಡಗಡೆಯಿಂದ ಎಂದು ಕೂತಲ್ಲಿಂದಲೇ ಗದರಿದರು. ಸೀರೆಯೆಲ್ಲ ಧೂಳು, ಅಂಗೈ ತಣ್ಣಗೆ ಕೊರೆದು ಮರಗಟ್ಟಿತ್ತು. ತರಗತಿಯಲ್ಲಿ ನಲವತ್ತು ನಿಮಿಷ ಎಡಗಾಲೊಂದರಲ್ಲಿ, ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ನಿಂತು, ತ್ರಿಕೋನದ ಮೊದಲ ಪ್ರಮೇಯ ಮುಗಿಸಿದರು. ಬಾಗಿಲಾಚೆ ಹೆಡ್‌ಮಾಸ್ಟರು, ಹೊಸ ಹುಡುಗನನ್ನು ಬೆನ್ನಿಗಿಟ್ಟುಕೊಂಡು, ಗಡಿಯಾರ ನೋಡುತ್ತ ಎರಡು ಸಲ ಹಾದುಹೋದರು.

ಮಂಗಳವಾರ ಎಡಗಾಲೂ ಊದಿಕೊಂಡಿತು. ಬುಧವಾರ ಎರಡನೇ ಪೀರಿಯಡ್ಡಿನಲ್ಲಿ ಸೀಮೆಸುಣ್ಣ ಕೈಯಿಂದ ಜಾರಿತು, ಬಗ್ಗಿ ಎತ್ತಲು ಆಗಲಿಲ್ಲ. ಮೊದಲ ಸಾಲಿನ ಹುಡುಗಿ ತನ್ನ ಬೆಂಚನ್ನು ಮೇಡಂ ಕಡೆ ಒಂದು ಗೇಣು ಸರಿಸಿದಳು. ನಾನೇನು ಮುದುಕಿಯಾ, ಬೆಂಚು ಹಿಂದಕ್ಕೆ ಹಾಕು ಎಂದು ಮೇಡಂ ಸಿಡುಕಿದರು. ಹುಡುಗಿ ಹಾಕಿದಳು. ಹಾಕಿದ ಮೇಲೆ ಮೇಡಂಗೆ ನೆನಪಾಯಿತು. ಎಂಟು ವರ್ಷದ ಹಿಂದೆ ಇದೇ ಕಾರಿಡಾರಿನಲ್ಲಿ ಚರಿತ್ರೆ ಮೇಷ್ಟ್ರು ಅವರನ್ನು ತಡೆದು, ಅರ್ಧ ಪೀರಿಯಡ್ಡಾದರೂ ಕೂರೋಕೆ ಬಿಡಿ ಮೇಡಂ, ನಿಲ್ಲೋಕಾಗಲ್ಲ ಎಂದು ಕೇಳಿದ್ದರು. ಆಗದಿದ್ದರೆ ಮನೆಯಲ್ಲಿರಿ ಎಂದಿದ್ದರು ಮೇಡಂ. ಅದನ್ನು ನೆನೆದು ಈಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹೊರಗೆ ಬಂದಾಗ ಪಕ್ಕದ ತರಗತಿಯ ಬಾಗಿಲು ತೆರೆದಿತ್ತು. ಏಳು ತಿಂಗಳ ಬಸುರಿ ವಿಜ್ಞಾನದ ಮೇಡಂ ಒಂದು ಕೈ ಸೊಂಟಕ್ಕೆ ಕೊಟ್ಟು, ಗೋಡೆಗೆ ಒರಗಿ ಪಾಠ ಹೇಳುತ್ತಿದ್ದಳು. ಆಕೆ ದಿನಾ ಹಾಗೇ ನಿಲ್ಲುತ್ತಿದ್ದಿರಬೇಕು. ಲೆಕ್ಕದ ಮೇಡಂ ದಿನಾ ಅದೇ ದಾರಿಯಲ್ಲಿ ನಡೆದವರು, ಒಂದು ದಿನವೂ ನೋಡಿರಲಿಲ್ಲ.

ಅಂದು ಸಂಜೆ ಮನೆಗೆ ಬಂದವರೇ ಚರಿತ್ರೆ ಮೇಷ್ಟ್ರಿಗೆ ಫೋನು ಮಾಡಿದರು. ತಾವು ಮಾಡಿದ್ದು ತಪ್ಪು ಎಂಬ ಮಾತನ್ನು ಅವರು ಜೀವನದಲ್ಲಿ ಬಹಳ ಜನಕ್ಕೆ ಹೇಳಿದವರಲ್ಲ, ಆದ್ದರಿಂದ ಸುತ್ತುಬಳಸದೆ ಮೊದಲೇ ಹೇಳಿ ಮುಗಿಸಿದರು. ಕಾಲು ಮುರಿದ ಕಥೆ ಆಮೇಲೆ ಬಂತು.

"ನಿಮ್ಮ ಕಾಲಿಗೆ ಪ್ಲಾಸ್ಟರ್ ಇದೆ ಮೇಡಂ, ಎಲ್ಲರಿಗೂ ಕಾಣುತ್ತೆ," ಎಂದರು ಮೇಷ್ಟ್ರು. "ನನ್ನ ಮಂಡಿ ಪ್ಯಾಂಟಿನೊಳಗಿತ್ತು. ತೂಕಡಿಸ್ತಿದ್ದೆ, ನಿಜ. ರಾತ್ರಿಯೆಲ್ಲ ನೋವು ಮಲಗೋಕೆ ಬಿಡ್ತಿರಲಿಲ್ಲ."

"ನನ್ನನ್ನ ಕ್ಷಮಿಸಿ ಮೇಷ್ಟ್ರೇ."

"ಅದು ಪುಸ್ತಕದಲ್ಲಿ ಬರೆದಿದ್ದು. ಫೋನಲ್ಲಿ ಅಳಿಸೋಕಾಗಲ್ಲ."

ಅಷ್ಟು ಹೇಳಿ ಮೇಷ್ಟ್ರು ಫೋನು ಇಟ್ಟರು. ತಂಗಿ ಏನೆಂದರು ಎಂದು ಕೇಳಿದಳು. ಸರಿಯಾಗೇ ಅಂದರು ಎಂದರು ಮೇಡಂ.

ಗುರುವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೋಣೆಯಿಂದ ಕರೆ ಬಂತು. ಅಲ್ಲಿ ಮೇಜಿನ ಪಕ್ಕ ಮೆತ್ತೆ ಹಾಕಿದ ಒಂದು ಕುರ್ಚಿ ಸಿದ್ಧವಾಗಿತ್ತು. ಮೆಟ್ಟಿಲ ಮೇಲಿನ ದೃಶ್ಯ ಪೋಷಕರ ಬಾಯಿಗೆ ಬಿದ್ದಿದೆ ಎಂದು ಗೊತ್ತಾಗಿ ಅವರು ಮೆತ್ತಗಾಗಿದ್ದರು. ಈ ಕುರ್ಚಿಯನ್ನು 'ಡಿ' ವಿಭಾಗಕ್ಕೆ ಸಾಗಿಸುತ್ತೇನೆ, ಮೇಡಂ ಆರು ವಾರ ಕೂತೇ ಪಾಠ ಮಾಡಲಿ, ಹೊಸ ಹುಡುಗನನ್ನು ವಾಪಸ್ಸು ಕಳಿಸುತ್ತೇನೆ, ಆದರೆ ಇದು ಬಾಯಿಮಾತಿನ ವಿನಾಯಿತಿ, ಅವರೊಬ್ಬರಿಗೆ ಮಾತ್ರ, ಠರಾವು ಇದ್ದ ಹಾಗೇ ಇರಬೇಕು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೇಡಂಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತೊಂದು ಮಕ್ಕಳು ಕೈಗೆ ವಾಪಸ್ಸು ಬಂದಿದ್ದರು. ಹೂಂ ಎಂದರೆ ಸಾಕಿತ್ತು. ಬಾಯಿ ತೆರೆದರು, ಪಕ್ಕದ ತರಗತಿಯ ಗೋಡೆ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿದರು. ನಡಾವಳಿ ಪುಸ್ತಕ ಒಮ್ಮೆ ಕೊಡಿ ಎಂದು ಕೇಳಿದರು. ವಿನಾಯಿತಿಯ ಬಗ್ಗೆ ಓದಲೆಂದೇನೋ ಅಂದುಕೊಂಡು ಹೆಡ್‌ಮಾಸ್ಟರು ಕೊಟ್ಟರು. ಮೇಡಂ ಏಳನೇ ಠರಾವಿನ ಮೇಲೆ, ಸ್ಕೇಲು ಇಟ್ಟು, ನೆಟ್ಟಗೆ ಮೂರು ಗೆರೆ ಎಳೆದರು. ಕೆಳಗೆ ಬರೆದರು: 'ಇದನ್ನು ಬರೆದವಳು ನಾನು. ಇದರಿಂದ ಚರಿತ್ರೆ ಮೇಷ್ಟ್ರಿಗೆ ಅನ್ಯಾಯವಾಯಿತು. ರದ್ದು.' ಸಹಿ ಹಾಕಿ ತಾರೀಖು ಬರೆದರು.

ಹೆಡ್‌ಮಾಸ್ಟರ ಮುಖ ಕೆಂಪಾಯಿತು. "ಇದಕ್ಕೆ ಸಭೆ ಕರೀಬೇಕು ಮೇಡಂ. ನೀವೊಬ್ಬರೇ ಹೊಡೆದು ಹಾಕೋಕೆ ಬರಲ್ಲ. ನಿಮ್ಮ ಕ್ಲಾಸೂ ಹೋಗುತ್ತೆ, ಕುರ್ಚಿಯೂ ಹೋಗುತ್ತೆ."

"ಸಭೆ ಕರೀರಿ, ಬರ್ತೀನಿ. ಈ ಕುರ್ಚಿ ನೀವೇ ಇಟ್ಕೊಳ್ಳಿ ಸರ್. ನನಗೊಬ್ಬಳಿಗೇ ಅಂತ ಕೊಟ್ಟರೆ ನನಗೆ ಬೇಡ."

ಶಿಕ್ಷಕರ ಕೋಣೆಗೆ ಹೋಗಿ ಎಲ್ಲರಿಗೂ ಕೇಳುವಂತೆ, ಠರಾವು ಹೊಡೆದು ಹಾಕಿದ್ದೇನೆ, ಕಾಲು ನೋಯುವವರು ಸಭಾಂಗಣದಿಂದ ಕುರ್ಚಿ ತಗೊಳ್ಳಿ ಎಂದರು. ಇಷ್ಟು ದಿನ ಇದೇ ಮೇಡಂಗೆ ಹೆದರಿ ನಿಂತವರು, ಈಗ ಹೆಡ್‌ಮಾಸ್ಟರಿಗೆ ಹೆದರಿ ಕೂರಲಾರದೆ ತಂತಮ್ಮ ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದರು. ವಿಜ್ಞಾನದ ಮೇಡಂ ತಲೆಯನ್ನೇ ಎತ್ತಲಿಲ್ಲ. ಲೆಕ್ಕದ ಮೇಡಂಗೆ ಬೇಸರವಾಯಿತು, ಆದರೆ ಬೈಯುವ ಹಕ್ಕು ತಮಗಿಲ್ಲ ಎಂದು ಗೊತ್ತಿತ್ತು. ಜವಾನನಿಂದ ಒಂದು ಮರದ ಕುರ್ಚಿ ಹೊರಿಸಿಕೊಂಡು ಮೂವತ್ತೆಂಟು ಮೆಟ್ಟಿಲು ಹತ್ತಿದರು.

ಹೊಸ ಹುಡುಗ ಬಾಗಿಲಲ್ಲಿ ನಿಂತಿದ್ದ. ಪಾಪ, ಅವನ ತಪ್ಪೇನು? ಹಿಂದಿನ ಬೆಂಚಿನಲ್ಲಿ ಕೂತು ಕೇಳಪ್ಪ ಎಂದರು, ಅವನು ಕೂತ. ಮೇಡಂ ಕರಿಹಲಗೆಯ ಪಕ್ಕ ಕುರ್ಚಿ ಹಾಕಿಸಿ, ಮುರಿದ ಕಾಲನ್ನು ಮೊದಲ ಬೆಂಚಿನ ಮೇಲೆ ಚಾಚಿ, ಕೂತರು. ತರಗತಿಯಲ್ಲಿ ಯಾಕೆ ಇಷ್ಟು ವರ್ಷ ಕುರ್ಚಿ ಇರಲಿಲ್ಲ ಎಂಬುದನ್ನು, ತಮ್ಮ ಹೆಸರು ಮುಚ್ಚಿಡದೆ, ಮಕ್ಕಳಿಗೆ ಹೇಳಿದರು. ಆಮೇಲೆ ನಾಲ್ಕನೇ ಪ್ರಮೇಯ ಶುರು ಮಾಡಿದರು.

ಕೊನೆಯ ಪೀರಿಯಡ್ಡಿಗೆ ಜವಾನ ಲಕೋಟೆ ತಂದ. ನಿಯಮ ಮೀರಿ ಕೂತಿದ್ದಕ್ಕೆ, ದಾಖಲೆ ತಿದ್ದಿದ್ದಕ್ಕೆ, ಮೂರು ದಿನದೊಳಗೆ ಉತ್ತರ ಕೊಡಬೇಕಂತೆ. ಮೂರು ದಿನ ಯಾಕೆ, ನಿಲ್ಲು ಎಂದು ಮೇಡಂ ಅಲ್ಲೇ ತೊಡೆಯ ಮೇಲೆ ಕಾಗದ ಇಟ್ಟು ಬರೆದರು: 'ಕೂತೆ. ನಾಳೆಯೂ ಕೂರುತ್ತೇನೆ. ಮಕ್ಕಳನ್ನು ಬಿಡುವುದಿಲ್ಲ.' ಮಡಚಿ ಕೊಡುವಾಗ ಜವಾನನ ಕೈಯಲ್ಲಿ ಇನ್ನೊಂದು ಲಕೋಟೆ ಕಂಡಿತು. ಒಬ್ಬಳಿಗೆ ಎರಡೆರಡು ಯಾಕೆ ಎಂದು ಕೇಳಿದರು.

"ಇದು ನಿಮಗಲ್ಲ ಮೇಡಂ," ಎಂದ ಜವಾನ. "ಪಕ್ಕದ ಕ್ಲಾಸಿಗೆ. ವಿಜ್ಞಾನದ ಮೇಡಂ ಮಧ್ಯಾಹ್ನದಿಂದ ಕೂತಿದ್ದಾರೆ."