ಹೊರಟು ನಿಂತ ಚೀಲ

ನಾನು ಒಂದು ಚೀಲ. ಪ್ರಯಾಣದ ಚೀಲ ಎನ್ನುತ್ತಾರೆ. ಹಾಗೆ ಹೇಳಿಕೊಳ್ಳಲು ನನಗೇ ಸಂಕೋಚ. ನನ್ನ ಆಯುಷ್ಯದ ಬಹುಪಾಲು ಪ್ರಯಾಣದಲ್ಲಿ ಕಳೆಯಿತೋ, ಪಕ್ಕದ ಮನೆಯ ಮೂಲೆಯಲ್ಲಿ ಕಳೆಯಿತೋ, ಇವತ್ತಿಗೂ ತಿಳಿದಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಲಾರಿಗಳಿಗೆ ತಾಡಪತ್ರಿ ಹೊಲಿಯುವ ರಾಜೇಸಾಬನ ಅಂಗಡಿಯಲ್ಲಿ ಒಂದು ದೊಡ್ಡ ಲಾರಿಯ ಹೊದಿಕೆಯನ್ನು ಕತ್ತರಿಸಿದ ಮೇಲೆ ಮೊಳವೆರಡು ಹಸಿರು ಕ್ಯಾನ್ವಾಸು ಉಳಿದಿತ್ತು. ಅದೇ ನಾನು. ನನ್ನ ಜೊತೆಯ ಬಟ್ಟೆಯೆಲ್ಲ ಲಾರಿಯ ಬೆನ್ನೇರಿ ಹೋಯಿತು. ನನಗೆ ಎರಡು ಹಿಡಿಕೆ, ಒಂದು ಹಿತ್ತಾಳೆಯ ಜಿಪ್ಪು, ಎರಡು ಪಕ್ಕದ ಜೇಬು ಬಂದವು. ರಾಜೇಸಾಬ ಜಿಪ್ಪನ್ನು ಮೂರು ಸಲ ಎಳೆದು ನೋಡಿ, "ಗಟ್ಟಿ ಐತಿ. ನಾಕು ಊರು ತಿರುಗತೈತಿ ಇದು" ಎಂದ. ಅದು ಆಶೀರ್ವಾದವೆಂದು ಆಗ ನಂಬಿದ್ದೆ.

ನನ್ನನ್ನು ಕೊಂಡವರು ಗದಗಿನ ಬಸ್ ನಿಲ್ದಾಣದ ನೌಕರರು. ಅವರ ಕಂಟ್ರೋಲರ್ ವೆಂಕೋಬರಾವ್ ಕಟ್ಟಿಯವರು ನಿವೃತ್ತರಾಗುವವರಿದ್ದರು. ಶಾಲು ಹೊದಿಸಿ, ತೆಂಗಿನಕಾಯಿಯ ಜೊತೆ ನನ್ನನ್ನು ಅವರ ಕೈಗಿತ್ತು ಒಬ್ಬರು ಭಾಷಣ ಮಾಡಿದರು: ಮೂವತ್ತೊಂದು ವರ್ಷ ವಿಚಾರಣೆಯ ಕಿಂಡಿಯ ಹಿಂದೆ ಕೂತು, ಯಾವ ಊರಿಗೆ ಯಾವ ಬಸ್ಸು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ಸಾವಿರಾರು ಜನಕ್ಕೆ ದಾರಿ ಹೇಳಿದ ಮನುಷ್ಯ ಇವರು, ತಾವು ಮಾತ್ರ ಒಂದು ದಿನವೂ ಎಲ್ಲಿಗೂ ಹೋಗಲಿಲ್ಲ. "ಇನ್ನ ಮುಂದ ನೀವೂ ತಿರಗ್ರಿ, ಸಾಹೇಬ್ರ!" ಎಲ್ಲರೂ ಚಪ್ಪಾಳೆ ತಟ್ಟಿದರು. ರಾಯರ ಕೈ ನನ್ನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಅಂಗೈ ಬೆವರಿತ್ತು. ಸಂತೋಷಕ್ಕಿರಬೇಕು ಎಂದುಕೊಂಡೆ.

ಮನೆಯಲ್ಲಿ ಅವರ ಹೆಂಡತಿ ಸುಭದ್ರಾಬಾಯಿ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಚಲೋ ಆತು. ನನಗ ಸಮುದ್ರ ತೋರಸ್ರಿ. ಈ ಮೊಣಕಾಲು ಗಟ್ಟಿ ಇರೂದ್ರಾಗ ಒಮ್ಮೆ ನೀರಾಗ ನಿಂತು ಬರ್ತೀನಿ. ಮುಂದ ನಿಲ್ಲಲಿಕ್ಕೆ ಆಗ್ತದೋ ಇಲ್ಲೋ."

ಆ ಮೊಣಕಾಲನ್ನು ನೆಲದ ಮೇಲಿರುವ ನಾನು ಎಲ್ಲರಿಗಿಂತ ಹತ್ತಿರದಿಂದ ಕಂಡಿದ್ದೇನೆ. ಆಗ ಅದು ಸ್ವಲ್ಪವೇ ಊದಿತ್ತು.

ರಾಯರು ಯೋಜನೆ ಹಾಕಲು ಕೂತರು. ಒಂದು ವಾರದ ಪ್ರವಾಸ. ಕರಾವಳಿಯೂ ಆಗಬೇಕು, ಗುಡ್ಡಗಾಡೂ ಆಗಬೇಕು. ಮೊದಲ ದಿನ ಕಾರವಾರ, ಎರಡನೆಯ ದಿನ ಗೋಕರ್ಣ, ಆಮೇಲೆ ಮುರ್ಡೇಶ್ವರ, ಉಡುಪಿ. ಅಲ್ಲಿಂದ ಆಗುಂಬೆ ಹತ್ತಿ ಶೃಂಗೇರಿ, ಜೋಗ, ಶಿರಸಿ, ಮನೆ. ಎರಡು ದಿನ ಬಿಟ್ಟು ಅದನ್ನು ತಿರುವಿ ಹಾಕಿದರು: ಮೊದಲು ಗುಡ್ಡ, ಕೊನೆಗೆ ಕಡಲು. ಬಸ್ಸಿನ ವೇಳೆ ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಆದರೂ ಪ್ರತಿ ಹಾಳೆಯಲ್ಲಿ ಒಂದೇ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಹೇಗೆ ತಿರುಗಿಸಿದರೂ ಗದಗಿನವರು ಘಟ್ಟ ಇಳಿಯದೆ ಸಮುದ್ರ ಮುಟ್ಟುವಂತಿಲ್ಲ. ಅಲ್ಲಿ ಅವರು ಹಾಳೆ ಮಡಚಿ ನನ್ನ ಜೇಬಿಗಿಡುತ್ತಿದ್ದರು.

"ರೈಲಿಗೆ ಹೋಗೂಣೇನು?" ಎಂದು ಸುಭದ್ರಾಬಾಯಿ ಕೇಳಿದ್ದರು.

"ಬಸ್ಸಿನ ಕಂಟ್ರೋಲರ್ ರೈಲಿನಾಗ ಹೋದಾ ಅಂದ್ರ ಡಿಪೋದವ್ರು ನಗ್ತಾರ."

ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ಸುಭದ್ರಾಬಾಯಿಯೇ ಪಟ್ಟುಹಿಡಿದು ಒಂದು ಭಾನುವಾರ ಗೊತ್ತುಮಾಡಿದರು. ರಾಯರು ಪಂಚಾಂಗ ತೆರೆದು, ಭಾನುವಾರ ಪಶ್ಚಿಮಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು ಎಂದರು. ಸುಭದ್ರಾಬಾಯಿ ವಾದಿಸಲಿಲ್ಲ. ಶನಿವಾರ ಬೆಳಗ್ಗೆ ಒಳ್ಳೆಯ ಹೊತ್ತು ನೋಡಿ, ನನ್ನಲ್ಲಿ ಎರಡು ಸೀರೆ, ಧೋತರ, ಟವೆಲ್ಲು, ಸ್ವೆಟರು ತುಂಬಿ, ಕುಂಕುಮ ಹಚ್ಚಿ, ಪಡುವಣ ಬದಿಯ ನೆರೆಯವಳಾದ ನೀಲವ್ವನ ಮನೆಯಲ್ಲಿ ಇಟ್ಟು ಬಂದರು. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಮನುಷ್ಯ ಹೊರಡಲು ದಿನ ಕೂಡಿಬರದಿದ್ದರೆ ಅವನ ಸಾಮಾನು ಮೊದಲು ಹೊರಡುತ್ತದೆ. ಅದು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ಶೂಲೆಯ ಬಾಧೆಯಿಲ್ಲ. ಒಂದೇ ನಿಯಮ: ಹೊರಟ ಚೀಲ ಪ್ರಯಾಣ ಮುಗಿಸದೆ ಮನೆಗೆ ಹೊಳ್ಳಿ ಬರಬಾರದು.

ಇನ್ನು ಗಂಡ ತಪ್ಪಿಸಿಕೊಳ್ಳಲಾರ ಎಂಬುದು ಆಕೆಯ ಉಪಾಯವಾಗಿತ್ತು. ಆದದ್ದು ಬೇರೆ. ಚೀಲ ಹೊರಟಿತಲ್ಲ ಎಂದು ರಾಯರಿಗೆ ನೆಮ್ಮದಿ ಬಂದುಬಿಟ್ಟಿತು.

"ಈಗ ಅವಸರ ಏನದ? ಪ್ರವಾಸ ಸುರು ಆಗೇ ಆತಲ್ಲ" ಎಂದರಂತೆ.

ಭಾನುವಾರ ಬಂತು, ಹೋಯಿತು. ನಾನು ನೀಲವ್ವನ ಮನೆಯ ಮೂಲೆಯಲ್ಲಿದ್ದೆ. ಶಾಸ್ತ್ರದ ಪ್ರಕಾರ ಪ್ರಯಾಣದಲ್ಲಿದ್ದೆ.

ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಬೆಳಗಿನಿಂದ ಅವಳ ಕೈಯ ತಪತಪ ಸದ್ದು, ನನ್ನ ಮೇಲೆ ಹಿಟ್ಟಿನ ಧೂಳು. ಪ್ರಸ್ಥಾನ ಎಷ್ಟು ದಿನ ನಡೆಯುತ್ತದೆ ಎಂಬುದಕ್ಕೆ ಬೀದಿಯಲ್ಲಿ ಒಬ್ಬರು ಮೂರು ದಿನ ಎಂದರು, ಇನ್ನೊಬ್ಬರು ಹತ್ತು ಎಂದರು. ನಾನು ಮೂರು ವರ್ಷ ನಡೆದೆ.

ಚಳಿಗೆ ಸ್ವೆಟರು ಬೇಕೆಂದು ಸುಭದ್ರಾಬಾಯಿ ಬಂದರು. ಯಾರದೋ ಮುಂಜಿಗೆ ಸೀರೆ ಬೇಕೆಂದು ಬಂದರು. ಮೊದಲ ವರ್ಷ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಜಿಪ್ಪು ತೆಗೆಯುತ್ತಿದ್ದರು. ಎರಡನೆಯ ವರ್ಷ ಗೋಡೆ ಹಿಡಿದು ಬಗ್ಗಿದರು. ಮೂರನೆಯ ವರ್ಷ ಅವರು ಕುರ್ಚಿಯ ಮೇಲೆ ಕೂತರೆ ನೀಲವ್ವ ನನ್ನನ್ನು ಎತ್ತಿ ಅವರ ತೊಡೆಯ ಮೇಲೆ ಇಡಬೇಕಾಯಿತು. ಬಟ್ಟೆಗಳು ಒಂದೊಂದೇ ಹೊರಟುಹೋದವು. ನನ್ನೊಳಗೆ ಉಳಿದದ್ದು ಎರಡು ಟವೆಲ್ಲು ಮತ್ತು ರಾಯರ ಹಾಳೆಗಳು.

ರಾಯರು ತಿಂಗಳಿಗೊಮ್ಮೆ ಒಬ್ಬರೇ ಬರುತ್ತಿದ್ದರು. ಹಳೆಯ ಯೋಜನೆ ತೆಗೆಯದೆಯೇ ಹೊಸದನ್ನು ತುರುಕುತ್ತಿದ್ದರು. ಒಂದರಲ್ಲಿ ನಾನು ಬುಧವಾರ ಮುರ್ಡೇಶ್ವರದಲ್ಲಿ, ಇನ್ನೊಂದರಲ್ಲಿ ಅದೇ ಬುಧವಾರ ಜೋಗದಲ್ಲಿ. ಅಷ್ಟೂ ಊರುಗಳು ನನ್ನ ಹೊಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಯಾವ ದಿಕ್ಕು ಕಡಲಿನದು, ಯಾವುದು ಗುಡ್ಡದ್ದು ಎಂದು ನನಗೆ ತೋಚುತ್ತಿರಲಿಲ್ಲ. ಇನ್ನೊಂದು ವಿಷಯವಂತೂ ಬಗೆಹರಿಯಲೇ ಇಲ್ಲ. ಪ್ರತಿ ಹಾಳೆಯ ಜೊತೆಗೆ ಅವರು ಅತ್ತಿತ್ತ ನೋಡಿ, ಎಡಜೇಬಿನಲ್ಲಿ ಒಂದು ಲಿಂಬೆಹಣ್ಣು, ಒಂದೆರಡು ಲವಂಗ, ಕೊಟ್ಟೆ ಎನ್ನುವ ಮಡಚಿದ ಪ್ಲಾಸ್ಟಿಕ್ ಚೀಲ ಇಡುತ್ತಿದ್ದರು. ಹಣ್ಣು ಒಣಗಿ ಕಪ್ಪಾಗುತ್ತಿತ್ತು. ಮುಂದಿನ ತಿಂಗಳು ಇನ್ನೊಂದು ಬರುತ್ತಿತ್ತು.

ಒಂದು ದಿನ ಸುಭದ್ರಾಬಾಯಿ ಟವೆಲ್ಲಿಗೆಂದು ಬಂದಾಗ ನೀಲವ್ವನ ಕೈ ಆ ಜೇಬಿಗೆ ಹೋಯಿತು. ಕಪ್ಪು ಲಿಂಬೆಹಣ್ಣುಗಳು ನೆಲದ ಮೇಲೆ ಉರುಳಿದವು.

"ಅಯ್ಯ ಶಿವನ! ಇದೇನ್ರೀ ಬಾಯಾರ? ಯಾರೋ ಮಾಟಾ ಮಾಡ್ಯಾರ!"

ಸುಭದ್ರಾಬಾಯಿ ಕಾಲು ಹಿಂದಕ್ಕೆ ತೆಗೆದರು. ಮೂರು ವರ್ಷ ಪ್ರವಾಸ ಏಕೆ ಕೂಡಿಬರಲಿಲ್ಲ ಎಂಬುದಕ್ಕೆ ಕಾರಣ ಸಿಕ್ಕಂತಾಗಿತ್ತು. ಅವರು ಲಿಂಬೆಹಣ್ಣುಗಳನ್ನು ನೋಡಿದರು. ಆಮೇಲೆ ತಲೆಯೆತ್ತಿ ನೀಲವ್ವನನ್ನು ನೋಡಿದರು.

"ಹಂಗ್ಯಾಕ ನೋಡ್ತೀರಿ? ನನ್ನ ಮ್ಯಾಲ ಸಂಶೇ ಏನು?" ನೀಲವ್ವನ ದನಿ ಒಡೆಯಿತು. "ಮೂರು ವರ್ಷ ನಿಮ್ಮ ಚೀಲ ಜ್ವಾಪಾನ ಮಾಡೀನ್ರಿ. ಇಲಿ ಮುಟ್ಟಗೊಟ್ಟಿಲ್ಲ."

ಸುಭದ್ರಾಬಾಯಿ ಗೋಡೆ ಹಿಡಿದುಕೊಂಡು ಹೋದರು. ನೀಲವ್ವ ಲಿಂಬೆ, ಲವಂಗ, ಕೊಟ್ಟೆಗಳನ್ನೆಲ್ಲ ಮೊರದಲ್ಲಿ ಗುಡಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದಳು. ಬಂದವಳೇ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು, "ತೊಗೊಂಡು ಹೋಗ್ರಿ ನಿಮ್ಮ ಚೀಲಾ!" ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

ಯಾರೂ ಬರಲಿಲ್ಲ. ಹೊರಟ ಚೀಲ ಆ ಮನೆಗೆ ಹೋಗುವಂತಿಲ್ಲ. ಈ ಮನೆಗೆ ಬೇಡ. ಎರಡು ದಿನ ಕಟ್ಟೆಯ ಮೇಲಿದ್ದೆ. ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ಹಿಂದೆ ದಿನಕ್ಕೆ ಹತ್ತು ಸಲ "ಬಾಯಾರ" ಎಂದು ಕೂಗುತ್ತಿದ್ದವಳು ಒಮ್ಮೆಯೂ ಕೂಗಲಿಲ್ಲ.

ಮೂರನೆಯ ದಿನ ಬೆಳಗ್ಗೆ ರಾಯರ ಚಪ್ಪಲಿ ನನ್ನ ಮುಂದೆ ನಿಂತಿತು. ಹಿಂದೆ ಸುಭದ್ರಾಬಾಯಿಯ ಹೆಜ್ಜೆಯ ಸದ್ದು ಕೇಳಿತು.

"ನೀಲವ್ವಾ," ರಾಯರು ಕರೆದರು. "ಆ ಲಿಂಬಿಹಣ್ಣು ನಾನಽ ಇಟ್ಟದ್ದು."

ತಪತಪ ನಿಂತಿತು. ನೀಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನೀವ? ಹೆಂಡ್ತಿಗೆ ಮಾಟಾ ಮಾಡೀರೇನ್ರಿ ರಾಯರ?"

"ಮಾಟ ಅಲ್ಲವಾ." ರಾಯರು ತಮ್ಮ ಚಪ್ಪಲಿಗೆ ಹೇಳುವಂತೆ ಹೇಳಿದರು, "ವಾಂತಿ. ಘಟ್ಟದಾಗ ಬಸ್ಸು ತಿರುಗಿತಂದ್ರ ನನಗ ತಡಕೊಳ್ಳಲಿಕ್ಕೆ ಆಗೂದಿಲ್ಲ. ಸಣ್ಣಾಂವಿದ್ದಾಗಿಂದ. ಅದಕ್ಕಽ ಡ್ಯೂಟಿ ಅಂತ ಹೇಳಿ ಎಲ್ಲೀಗೂ ಹೋಗಲಿಲ್ಲ. ಕಂಟ್ರೋಲರ್‌ಗೆ ಬಸ್ಸು ಆಗೂದಿಲ್ಲಂದ್ರ ಹೆಂಗ ಹೇಳ್ಲಿ?"

ಯಾರೂ ನಗಲಿಲ್ಲ. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ, ಕೆಳಗಿನಿಂದ ನನಗೆ ಕಾಣಲಿಲ್ಲ. ಸುಭದ್ರಾಬಾಯಿ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತರು. ನೀಲವ್ವನ ಮಣಿಕಟ್ಟನ್ನು ಹಿಡಿದರು. ಹಿಟ್ಟು ಅವರ ಕೈಗೂ ಹತ್ತಿತು.

"ನಾಳೆ ಹೋಗೂಣು," ಎಂದರು ಸುಭದ್ರಾಬಾಯಿ.

"ನಾಳೆ ಶುಕ್ರವಾರ. ಪಶ್ಚಿಮಕ್ಕ ಶೂಲಿ ಅದ."

"ನಮ್ಮ ಚೀಲ ಹೊಂಟು ಮೂರು ವರ್ಷ ಆತು. ಯಾವ ಶೂಲಿ?"

ರಾಯರು ಬಗ್ಗಿ ನನ್ನ ಮೇಲಿನ ಹಿಟ್ಟಿನ ಧೂಳು ಕೊಡವಿದರು.

ಬೆಳಗಿನ ಕಾರವಾರದ ಬಸ್ಸು. ನೀಲವ್ವ ರೊಟ್ಟಿಯ ಗಂಟು ಕೊಟ್ಟಳು. ಬಟ್ಟೆಗಳು ಬೇರೆ ಕೈಚೀಲದಲ್ಲಿದ್ದವು. ಯೋಜನೆ ಎಲ್ಲವೂ ಕೂಡೆ ಇರಲಿ ಎಂದು ರಾಯರು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹುಬ್ಬಳ್ಳಿ ದಾಟುವವರೆಗೆ ಹಾಳೆ ತೆಗೆದು ಓದುತ್ತಿದ್ದರು. ಯಲ್ಲಾಪುರದಲ್ಲಿ ಓದುವುದು ನಿಂತಿತು. ಅರಬೈಲ್ ಘಟ್ಟದ ಮೂರನೆಯ ತಿರುವಿನಲ್ಲಿ ಅವರ ಬೆರಳುಗಳು ನನ್ನ ಎಡಜೇಬನ್ನು ತಡಕಾಡಿದವು. ಲಿಂಬೆ ಇರಲಿಲ್ಲ. ಕೊಟ್ಟೆ ಇರಲಿಲ್ಲ. ಎಲ್ಲವೂ ಗದಗಿನಲ್ಲಿ ಮೂರು ದಾರಿ ಕೂಡುವಲ್ಲಿ ಬಿದ್ದಿದ್ದವು.

ನಾಲ್ಕನೆಯ ತಿರುವಿನಲ್ಲಿ ಅವರು ನನ್ನ ಜಿಪ್ಪು ತೆಗೆದರು.

ಆಮೇಲಿನದನ್ನು ವಿವರಿಸುವುದಿಲ್ಲ. ಆಗುಂಬೆ, ಶೃಂಗೇರಿ, ಜೋಗ ಎಲ್ಲ ಒಂದೇ ಸಲಕ್ಕೆ ತೊಯ್ದವು. ಕಂಡಕ್ಟರ್ ಓಡಿ ಬಂದು, "ಅಯ್ಯ, ಕಂಟ್ರೋಲರ್ ಸಾಹೇಬ್ರ, ನೀವಽ?" ಎಂದ. ರಾಯರು ಮುಖ ಮೇಲೆತ್ತಲಿಲ್ಲ. ಸುಭದ್ರಾಬಾಯಿ ಅವರ ಬೆನ್ನು ಸವರುತ್ತ, "ನಮ್ಮವ್ರಿಗೆ ಘಟ್ಟ ಹೊಸಾದು. ಸಾವಕಾಶ ಹೊಡೀಲಿಕ್ಕೆ ಹೇಳ್ರಿ" ಎಂದರು. ಆ ದನಿಯಲ್ಲಿ ಒಂದಿಷ್ಟೂ ನಾಚಿಕೆಯಿರಲಿಲ್ಲ.

ಕಾರವಾರದಲ್ಲಿ ಇಳಿದು ಅವರು ಮರಳಿನ ಮೇಲೆ ನಡೆದರು. ರಾಯರು ಒಂದು ಕೈಯಲ್ಲಿ ಹೆಂಡತಿಯ ಮೊಣಕೈ ಹಿಡಿದಿದ್ದರು, ಇನ್ನೊಂದರಲ್ಲಿ ನನ್ನನ್ನು ದೂರಕ್ಕೆ ಚಾಚಿ ಹಿಡಿದಿದ್ದರು. ಯಾವುದೋ ದೊಡ್ಡ ಸದ್ದು ಹತ್ತಿರವಾಗುತ್ತಿತ್ತು. ಬಸ್ ನಿಲ್ದಾಣದ ಸದ್ದಿನಂತಿತ್ತು. ಆದರೆ ಯಾರೂ ಎಲ್ಲಿಗೂ ಹೊರಟಂತಿರಲಿಲ್ಲ.

"ಕೊಡ್ರಿಲ್ಲೆ. ನಾ ತೊಳೀತೀನಿ" ಎಂದು ಸುಭದ್ರಾಬಾಯಿ ನನ್ನನ್ನು ಕಸಿದುಕೊಂಡು ನೀರಿಗಿಳಿದರು. ಪಾದ, ಮೀನಖಂಡ, ಆಮೇಲೆ ಆ ಮೊಣಕಾಲು. ನನ್ನನ್ನು ಒಳಗು ಹೊರಗು ಮಾಡಿ ಅಲೆಗೆ ಹಿಡಿದರು. ನನ್ನ ಒಳಮೈ ಬೆಳಕು ಕಂಡದ್ದು ಅದೊಂದೇ ಸಲ. ಹಾಳೆಗಳು ಬಿಚ್ಚಿಕೊಂಡು ತೇಲಿದವು. ರಾಯರು ಪಂಚೆ ಎತ್ತಿಕಟ್ಟಿ ಒಂದರ ಹಿಂದೆ ಓಡಿದರು.

"ಅದು ಏಳನೇ ದಿನದ್ದು!"

"ಬಿಡ್ರಿ."

ಅವರು ಬಿಟ್ಟರು. ಆಕೆಯ ಪಕ್ಕಕ್ಕೆ ಬಂದು ನಿಂತು ಮೊಣಕೈ ಹಿಡಿದುಕೊಂಡರು. ನಾನು ಆಗಲೇ ಸ್ವಚ್ಛವಾಗಿದ್ದೆ. ಆದರೂ ಆಕೆ ತೊಳೆಯುತ್ತಲೇ ಇದ್ದರು. ಸಮುದ್ರ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ಅವರು ಅದನ್ನು ನೋಡಿದರು, ನಾನು ಅದರೊಳಗಿದ್ದೆ. ಒಳಗಿದ್ದವರಿಗೆ ಕಾಣುವುದು ಕಡಿಮೆ.

ಏಳು ದಿನವೂ ಅವರು ಕಾರವಾರದಲ್ಲೇ ಉಳಿದರು. ಎಂಟನೆಯ ದಿನ ರಾಯರು ರೈಲು ನಿಲ್ದಾಣದ ವಿಚಾರಣೆಯ ಕಿಂಡಿಯ ಮುಂದೆ, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಹೊರಬದಿಯಲ್ಲಿ ನಿಂತು, "ಹುಬ್ಬಳ್ಳಿಗೆ ಹೆಂಗ ಹೋಗಬೇಕ್ರಿ?" ಎಂದು ಕೇಳಿದರು. ಗೋವಾ ಸುತ್ತಿಕೊಂಡು ಹೋದ ಆ ರೈಲು ಗುಡ್ಡಗಳನ್ನು ಹತ್ತಿತಂತೆ. ನಾನು ಸೀಟಿನ ಕೆಳಗಿದ್ದೆ.

ಗದಗಿಗೆ ಬಂದಾಗ ರಾಯರ ಕಾಲು ರೂಢಿಯಂತೆ ನೀಲವ್ವನ ಮನೆಯ ಕಡೆಗೇ ತಿರುಗಿತು. ನನ್ನನ್ನು ಅದೇ ಮೂಲೆಯಲ್ಲಿ ಇಟ್ಟ ಮೇಲೆ ತಪ್ಪು ಗೊತ್ತಾಯಿತು.

"ಮತ್ತ ಇಲ್ಲೇ ತಂದ್ರೇನ್ರಿ?" ಎಂದು ನೀಲವ್ವ ನಕ್ಕಳು.

ಸುಭದ್ರಾಬಾಯಿ ಕ್ಷಣ ಯೋಚಿಸಿ, "ಇರ್ಲಿ ಬಿಡವಾ. ಗುಡ್ಡದಾಗ ಇಳದು ಅಡ್ಡ್ಯಾಡೂದು ಇನ್ನೂ ಉಳದದ" ಎಂದರು.

ಅದಾಗಿ ಐದು ವರ್ಷ. ಉಪ್ಪುನೀರಿಗೆ ನನ್ನ ಹಿತ್ತಾಳೆಯ ಜಿಪ್ಪು ಹಸಿರುಗಟ್ಟಿ ಕಚ್ಚಿಕೊಂಡಿದೆ. ಬಾಯಿ ಮುಚ್ಚಲು ಬರುವುದಿಲ್ಲ. ರಾಯರು ಯೋಜನೆ ಬರೆಯುವುದನ್ನು ನಿಲ್ಲಿಸಿದ್ದಾರೆ. ಸುಭದ್ರಾಬಾಯಿಗೆ ಈಗ ಕೋಲು ಬೇಕು, ಅದರ ಜೊತೆ ಗಂಡನ ಹೆಗಲೂ ಬೇಕು. ಗುಡ್ಡಕ್ಕೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ. ನನ್ನನ್ನು ಮನೆಗೆ ಒಯ್ದರೆ ಹೇಳಿದಂತಾಗುತ್ತದೆ. ಹಾಗಾಗಿ ನಾನು ಇಲ್ಲೇ ಇದ್ದೇನೆ, ಹೊರಟವನೋ, ತಲುಪಿದವನೋ, ಮರಳಿದವನೋ ತಿಳಿಯದೆ.

ಮಳೆಗಾಲದಲ್ಲಿ ಪಡುವಣ ಗಾಳಿ ಬೀಸಿದಾಗ ನನ್ನ ಹೊಲಿಗೆಯಲ್ಲಿ ಉಳಿದ ಉಪ್ಪು ತಾನಾಗಿ ನೀರೊಡೆಯುತ್ತದೆ. ನೀಲವ್ವ ಬೆರಳಿಂದ ಮುಟ್ಟಿ ನೋಡಿ, "ಬಾಯಾರ, ನಿಮ್ಮ ಸಮುದ್ರ ಬಂತು ನೋಡ್ರಿ!" ಎಂದು ಗೋಡೆಯಾಚೆಗೆ ಕೂಗುತ್ತಾಳೆ. ಸುಭದ್ರಾಬಾಯಿ ನಿಧಾನವಾಗಿ ಬಂದು ಕುರ್ಚಿಯ ಮೇಲೆ ಕೂರುತ್ತಾರೆ. ನೀಲವ್ವ ನನ್ನನ್ನು ಎಳೆದು ಅವರ ಮುಂದೆ ಹಾಕುತ್ತಾಳೆ. ಅವರು ಎರಡೂ ಪಾದಗಳನ್ನು ನನ್ನ ಒದ್ದೆ ಮೈಯ ಮೇಲೆ ಊರಿ ಸುಮ್ಮನೆ ಕೂತಿರುತ್ತಾರೆ. ರೊಟ್ಟಿ ಬಡಿಯುವ ಸದ್ದು ಬರುತ್ತಿರುತ್ತದೆ.