ಕಿವಿಯಲ್ಲಿ ಹೇಳಿದ ಹೆಸರು

ಮುಂದೆ ತನಗೆ ಮಗು ಹುಟ್ಟಿದರೆ ತಾನು ಆರಿಸಿದ ಹೆಸರನ್ನೇ ಅದರ ಕಿವಿಯಲ್ಲಿ ಹೇಳಬೇಕು, ಬೇರೆ ಹೇಳಕೂಡದು ಎಂದು ಅಭಿನಂದನ ಅಕ್ಕ ಉಜ್ವಲಾಳಿಂದ ಮಾತು ತೆಗೆದುಕೊಂಡಾಗ ಅವನಿನ್ನೂ ನಾಲ್ಕನೇ ಇಯತ್ತೆಯ ಹುಡುಗ. ಸಾಲೆಯಿಂದ ಅಳುತ್ತ ಬಂದು ಪಾಟಿಚೀಲವನ್ನು ಕಟ್ಟೆಯ ಮೇಲೆ ಒಗೆದಿದ್ದ. ಹುಡುಗರೆಲ್ಲ ಸುತ್ತ ನಿಂತು ಧರೆಪ್ಪಾ, ಧರೆಪ್ಪಾ ಎಂದು ಕುಣಿದಿದ್ದರಂತೆ. ತಪ್ಪು ಹುಡುಗರದಲ್ಲ. ಅಪ್ಪ ಆರಿಸಿದ್ದ ಹೆಸರು ಅಭಿನಂದನ. ಆದರೆ ತೊಟ್ಟಿಲಲ್ಲಿ ಹಾಕುವ ದಿನ ಅಪ್ಪನ ತಂಗಿ ಲಕ್ಷ್ಮಿಬಾಯಿ ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದ್ದು, ತೀರಿಕೊಂಡ ತನ್ನ ತಂದೆಯ ಹೆಸರು. ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರು. ಅದನ್ನು ತಿದ್ದುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಹಾಗಾಗಿ ಸಾಲೆಯ ಹಾಜರಿಯಲ್ಲಿ ಅಭಿನಂದನ, ಓಣಿಯಲ್ಲಿ ಧರೆಪ್ಪ.

"ನೀ ಹಂಗ ಮಾಡಬಾರ್ದಕ್ಕಾ. ನನ್ನ ತಲಿ ಮ್ಯಾಲ ಕೈ ಇಟ್ಟ ಹೇಳು."

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಉಜ್ವಲಾ ನಕ್ಕು ಕೈಯಿಟ್ಟಿದ್ದಳು. "ಆತ್ ತಗೋ. ನಿನ್ನ ಹೇಣ್ತಿ ಹಡದ ಕೂಸಿಗೆ ನೀ ಹೇಳಿದ ಹೆಸರ ಇಡ್ತೀನಿ. ಈಗ ಮೂಗ ಒರಸ್ಕೊ." ಅವ್ವ ಹೋದ ಮೇಲೆ ಅವನ ಮೂಗಿನ ಚಿಂತೆಯೂ ಅವಳದೇ ಆಗಿತ್ತು.

ಆ ಕೂಸು ಈಗ ಬಂದಿತ್ತು. ಉಜ್ವಲಾ ನಿಪ್ಪಾಣಿಯಿಂದ ಮುಂಜಾನೆಯ ಬಸ್ಸು ಹಿಡಿದು, ಚಿಕ್ಕೋಡಿಯಲ್ಲಿ ಬದಲಿಸಿ, ಏಕಸಂಬಿಯ ತಮ್ಮನ ಮನೆಗೆ ಬಂದಾಗ ಪಡಸಾಲೆಯ ತುಂಬ ಗುಗ್ಗರಿ ಕುದಿಯುವ ವಾಸನೆ. ಅವಳ ಚೀಲದಲ್ಲಿ ಕೂಸಿನ ತಲೆ, ಬೆನ್ನು ಮುಚ್ಚುವ ಖಣದ ಕುಂಚಿಗಿ ಇತ್ತು. ಹಗಲೆಲ್ಲ ಸಾಲೆ ಹುಡುಗರ ಸಮವಸ್ತ್ರ ಹೊಲಿಯುವ ಮಷಿನ್ನಿನ ಮೇಲೆಯೇ, ಊಟದ ಬಿಡುವಿನಲ್ಲಿ ಅದನ್ನು ಹೊಲಿದಿದ್ದಳು.

"ಬಾ ಬೇ ಉಜ್ವಲಾ," ಎಂದಳು ಲಕ್ಷ್ಮಿಬಾಯಿ, ಗೋಡೆಗೆ ಒರಗಿ ಕಾಲು ಚಾಚಿ ಕುಳಿತಲ್ಲಿಂದಲೇ. "ನಿನ್ನ ತಮ್ಮ ಮಗಳಿಗೆ ಹಡಗದಾಗ ಹೆಸರ ತರಸ್ಯಾನ."

"ಹಡಗದಾಗ ಅಲ್ಲತ್ತಿ, ಮೊಬೈಲ್‌ದಾಗ," ಅಭಿನಂದನ ನಕ್ಕ. ಮೋಟಾರು ರಿಪೇರಿ ಅಂಗಡಿಗೆ ಆ ದಿನ ಬೀಗ ಹಾಕಿದ್ದರೂ ಉಗುರಿನ ಸಂದಿಯ ಎಣ್ಣೆಕಪ್ಪು ಹೋಗಿರಲಿಲ್ಲ. "ಬಸದಿ ಉಪಾಧ್ಯೆ ಅವ್ರು ಪಂಚಾಂಗ ನೋಡಿ ಅ ಅಕ್ಷರ ತಗದ ಕೊಟ್ರು. ತ್ರಿಶಲಾ ಕುಂತ ಹುಡಿಕ್ಯಾಳ. ನಾರ್ಮನ್ ಮೂಲದ ಹೆಸರಂತಕ್ಕಾ ಇವು. ಫ್ರಾನ್ಸಿನ ಉತ್ತರಕ್ಕ ಇದ್ದ ಮಂದಿ ಅವ್ರು. ಸಾವಿರ ವರ್ಷದ ಹಿಂದ ಸಮುದ್ರ ದಾಟಿ ಇಂಗ್ಲೆಂಡ ಗೆದ್ರು. ಅವ್ರ ಜೋಡಿ ಅವ್ರ ಹೆಸರೂ ಹೋದ್ವು."

"ಅಲ್ಲಿಂದ ಏಕಸಂಬಿಗೆ ಯಾವ ಬಸ್ಸಿಗೆ ಬಂದ್ವು?" ಎಂದಳು ಲಕ್ಷ್ಮಿಬಾಯಿ.

ಅವನ ಹೆಂಡತಿ ತ್ರಿಶಲಾ ಬಾಣಂತಿ ಕೋಣೆಯ ಬಾಗಿಲಲ್ಲಿ, ಕಿವಿಗೆ ಅರಿವೆ ಕಟ್ಟಿಕೊಂಡು ನಿಂತಿದ್ದಳು. ಹಾರೂಗೇರಿಯ ಒಂದು ಸಾಲೆಯಲ್ಲಿ ಅವಳು ಟೀಚರು. "ಎಲ್ಲಾದಕ್ಕೂ ಅರ್ಥ ಅದಾವ್ರಿ ಅಕ್ಕಾರ. ಮಟಿಲ್ಡಾ ಅಂದ್ರ ಯುದ್ಧದಾಗ ಬಲ ಇದ್ದಾಕಿ. ಗಂಡಸೂರಾಗ ರೋಜರ್ ಅಂದ್ರ ಹೆಸರುವಾಸಿ ಭರ್ಚಿ."

"ಹೊತ್ತ ಮುಳುಗಿದ ಮ್ಯಾಲ ದೀಪಕ್ಕ ಹುಳ ಬಿದ್ದ ಸತ್ತೀತಂತ ಉಣ್ಣದ ಜೈನರ ಮನಿ ಇದು. ಹಾಲ ಕುಡಿಯೂ ಕೂಸಿನ ಕೈಯಾಗ ಭರ್ಚಿ ಕೊಡ್ತಿಯೇನ?" ಎಂದಳು ಲಕ್ಷ್ಮಿಬಾಯಿ.

"ಅದಕ್ಕ ಅವನ್ನೆಲ್ಲಾ ಬಿಟ್ಟೀವಿ ನೋಡ್ರಿ. ನಮ್ಮದು ಅವೆಲಿನ್."

"ನಾ ಅವಲಕ್ಕಿ ಅಂತ ಕರೀತೀನಿ," ಎಂದು ಮುದುಕಿ ತೀರ್ಮಾನ ಕೊಟ್ಟಳು. ಎಲ್ಲರೂ ನಕ್ಕರು.

ಉಜ್ವಲಾಳೂ ನಕ್ಕಳು. "ಅದರ ಅರ್ಥ ಏನೋ?"

ಅಭಿನಂದನ ತಲೆ ಕೆರೆದುಕೊಂಡ. "ಇಂಥಾದ್ದ ಅಂತ ಹೇಳಾಕ ಬರೂದಿಲ್ಲಂತ. ಬಯಸಿದ ಕೂಸು ಅಂತಾರ ಕೆಲವರು. ಕೆಲವರು ಅದೊಂದ ಕಾಯಿ ಹೆಸರು ಅಂತಾರ. ಅರ್ಥ ತಗೊಂಡ ಏನ ಮಾಡೂದೈತಕ್ಕಾ? ನನ್ನ ಕ್ಲಾಸಿನ್ಯಾಗ ಮೂರ ಮಂದಿ ಅಭಿನಂದನ ಇದ್ದಿವಿ. ನನ್ನ ಮಗಳ ಹೆಸರ ಕೂಗಿದ್ರ ಆಕಿ ಒಬ್ಬಾಕಿನ ಎದ್ದ ನಿಂದರಬೇಕು." ಆಮೇಲೆ ದನಿ ಇಳಿಸಿ, "ನೆನಪೈತೆಲ್ಲಾ?" ಎಂದ.

"ಐತಿ."

ಒಳಗೆ ಕೂಸು ಮುಲುಗಿತು. ತ್ರಿಶಲಾ ಜಳಕಕ್ಕೆ ಹೋದಾಗ ಉಜ್ವಲಾ ಹೋಗಿ ಅದರ ಪಕ್ಕದಲ್ಲಿ ಕುಳಿತಳು. ಹಣೆಗೆ, ಕೆನ್ನೆಗೆ ಕಾಡಿಗೆ ಬೊಟ್ಟು. ಮುಷ್ಟಿ ಬಿಗಿಹಿಡಿದು ಏನನ್ನೋ ಯೋಚಿಸುತ್ತಿರುವಂತೆ ಮಲಗಿತ್ತು. ಅ ಅಕ್ಷರದ ಕೂಸು.

ಅವಳು ಹಡೆದ ಕೂಸೂ ಅದೇ ಅಕ್ಷರದ್ದಾಗಿತ್ತು. ತವರಿನಲ್ಲಿ ಅವ್ವ ಇರಲಿಲ್ಲವೆಂದು ಹೆರಿಗೆ ಐಗಳಿಯ ಗಂಡನ ಮನೆಯಲ್ಲೇ ಆಯಿತು. ಹೆಣ್ಣು. ತೊಟ್ಟಿಲಿನ ದಿನ ಗೊತ್ತಾಗಿ, ಗುಗ್ಗರಿಗೆ ಕಡಲೆ ನೆನೆಹಾಕಿದ ದಿನ ಕೂಸಿಗೆ ಉಸಿರು ಕಟ್ಟಿತು. ಅಥಣಿಯ ದವಾಖಾನೆ ಮುಟ್ಟುವವರೆಗೂ ತಡೆಯಲಿಲ್ಲ. ಗಂಡನ ತಾಯಿ ಕೆಟ್ಟವಳಲ್ಲ, ಸಮಾಧಾನಕ್ಕೆಂದೇ ಹೇಳಿದಳು: "ಹೆಸರ ಇಟ್ಟಿದ್ದಿಲ್ಲ, ಕರದಿದ್ದಿಲ್ಲ. ಜಲ್ದಿ ಮರತ ಹೋಗತೈತಿ." ಆದರೆ ಉಜ್ವಲಾ ಒಂದು ಹೆಸರು ಎತ್ತಿಟ್ಟುಕೊಂಡಿದ್ದಳು. ತೊಟ್ಟಿಲಿನ ದಿನಕ್ಕಿಂತ ಮೊದಲು ಬಾಯಿಬಿಡಬಾರದೆಂದು ಗಂಡನಿಗೂ ಹೇಳಿರಲಿಲ್ಲ. ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಕೆಲ ವರ್ಷಕ್ಕೆ ಗಂಡನೂ ಉಳಿಯಲಿಲ್ಲ. ಎತ್ತಿಟ್ಟುಕೊಂಡ ಆ ಹೆಸರು ಅಪೂರ್ವ. ನಿಪ್ಪಾಣಿಯ ಬಾಡಿಗೆ ಕೋಣೆಯಲ್ಲಿ, ಕದ ಹಾಕಿಕೊಂಡಾಗಲೂ, ಅವಳು ಅದನ್ನು ಒಮ್ಮೆಯೂ ಬಾಯಿಬಿಟ್ಟು ಕರೆದಿರಲಿಲ್ಲ. ಕರೆದರೆ ಓಗೊಡುವವರು ಬೇಕಲ್ಲ.

ಲಕ್ಷ್ಮಿಬಾಯಿ ಗೋಡೆ ಹಿಡಿದು ಒಳಗೆ ಬಂದು, ಉಸ್ಸೆಂದು ಪಕ್ಕದಲ್ಲಿ ಕುಳಿತಳು. ಕೂಸನ್ನು ನೋಡಿದಳು, ಆಮೇಲೆ ಇವಳನ್ನು.

"ಧರೆಪ್ಪನ ಕಿವ್ಯಾಗ ನಮ್ಮಪ್ಪನ ಹೆಸರ ಹೇಳಿದಾಗ ಮನಿ ಮಂದೆಲ್ಲಾ ನನ್ನ ಬೈದ್ರು. ನಿಮ್ಮಪ್ಪ ಆರ ತಿಂಗಳ ಮಾತಾಡ್ಲಿಲ್ಲ. ಬೈಲಿ. ಇವತ್ತಿಗೂ ಅಂಗಳದಾಗ ನಿಂತ ಧರೆಪ್ಪಾ ಅಂದ್ರ ಒಬ್ಬಾಂವ ಓ ಅಂತಾನ."

ಉಜ್ವಲಾ ಕುಂಚಿಗಿಯ ದಾರ ಬಿಡಿಸುತ್ತಿದ್ದಳು.

"ನಿನ್ನ ಮನಸ್ಸಿನ್ಯಾಗ ಏನಾರ ಇದ್ರ ಇಟ್ಟಬಿಡು. ಬಾಯಿ ನಿಂದು, ಕಿವಿ ಕೂಸಿಂದು. ನಡುವ ಯಾರದಾರ?"

"ಏನೂ ಇಲ್ಲತ್ತಿ."

"ಇಲ್ಲಂದ್ರ ಇಲ್ಲ," ಎಂದು ಮುದುಕಿ ಕೂಸಿನ ಪಾದ ಸವರಿದಳು.

ಮಧ್ಯಾಹ್ನ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರು, ತ್ರಿಶಲಾಳ ತವರಿನವರು ಸುತ್ತ ನಿಂತರು. ತವರಿನ ಕಡೆಯ ಒಬ್ಬಾಕೆ ಪಕ್ಕದವಳಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮುತ್ತೈದಿ ಯಾರಾದ್ರೂ ಹೇಳಿದ್ರ ಚಲೋ ಆಗ್ತಿತ್ತೇನೊ. ಈ ಕಡೆ ಅಣ್ಣತಮ್ಮರ ಮನ್ಯಾಗ ಬ್ಯಾರೆ ಅಕ್ಕತಂಗ್ಯಾರ ಯಾರೂ ಇಲ್ಲೇನ್ರಿ?"

ಉಜ್ವಲಾ ಒಂದು ಹೆಜ್ಜೆ ಹಿಂದೆ ಸರಿದಳು. ಸರಿಯುವುದು ಅವಳಿಗೆ ರೂಢಿಯಾಗಿತ್ತು.

"ಹೆಸರ ಇಡಾಕಿ ನಮ್ಮಕ್ಕ," ಎಂದ ಅಭಿನಂದನ. ದನಿ ಏರಿಸಲಿಲ್ಲ. "ಆಕಿ ಇಡೂದಿಲ್ಲಂದ್ರ ಕೂಸು ಹೆಸರಿಲ್ದ ಇರ್ಲಿ."

ಅವನಿಗೆ ಐಗಳಿಯ ಕೂಸಿನ ಸುದ್ದಿ ಗೊತ್ತಿರಲು ಸಾಧ್ಯವಿರಲಿಲ್ಲ. ಆಗವನು ಹುಡುಗ, ಅಕ್ಕನಿಗೆ ಆರಾಮಿಲ್ಲ ಎಂದಷ್ಟೇ ಅವನಿಗೆ ಹೇಳಿದ್ದರು. ಉಜ್ವಲಾ ಮುಂದೆ ಬಂದಳು.

ಹೆಂಗಸರು ಕೂಸನ್ನು ತೊಟ್ಟಿಲಿನ ಮೇಲಿಂದ ಕೊಟ್ಟು ಕೆಳಗಿನಿಂದ ತೆಗೆದುಕೊಂಡು, ಕಡೆಗೆ ಮಲಗಿಸಿದರು. ಅವಳು ಕುಂಚಿಗಿ ತೊಡಿಸಿ, ಒಂದು ಬದಿಯ ಅಂಚನ್ನು ಬೆರಳಿನಿಂದ ಸರಿಸಿ ಬಗ್ಗಿದಳು. ಹಾಲಿನ, ಲೋಬಾನದ ವಾಸನೆ ಬಂತು. ಹಿಂದೆ ಎಲ್ಲರೂ ಕೈ ಎತ್ತಿ ಸಿದ್ಧರಾಗಿದ್ದರು; ಹೆಸರಿಡುವ ಸೋದರತ್ತೆಯ ಬೆನ್ನಿಗೆ ಗುದ್ದುವ ಚೇಷ್ಟೆಗೆ ಎಲ್ಲರಿಗೂ ಹಕ್ಕುಂಟು.

ರೂಢಿಯಂತೆ ಹೆಸರಿಗೆ ಮೊದಲು "ಕುರ್ರ್..." ಎಂದಳು. ಅಷ್ಟು ಎಲ್ಲರಿಗೂ ಕೇಳಿಸಿತು. ಆಮೇಲೆ ಅವಳ ತುಟಿ ಕಿವಿಗೆ ತಾಗಿತು. "ಅಕ್ಕಾರ, ನಾಲಿಗಿ ಹೊಳ್ಳವಲ್ದೇನ್ರಿ?" ಎಂದು ತ್ರಿಶಲಾ ನಕ್ಕಳು. ಉಜ್ವಲಾಳ ಗಲ್ಲ ಅಲುಗಿದ್ದು ಕಂಡಿತು.

ಕೂಡಲೇ ಬೆನ್ನ ಮೇಲೆ ಗುದ್ದುಗಳು ಬಿದ್ದವು. ದೊಡ್ಡ ಕೈ, ಸಣ್ಣ ಕೈ, ಬಳೆ ತುಂಬಿದ ಕೈ. ಮುತ್ತೈದೆಯ ಮಾತೆತ್ತಿದ್ದವಳೂ ಒಂದು ಗುದ್ದು ಹಾಕಿದಳು. ಉಜ್ವಲಾಳ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಗುದ್ದು ನಿಂತ ಮೇಲೂ ತೊಟ್ಟಿಲಿನ ಅಂಚು ಹಿಡಿದು ಬಗ್ಗಿಯೇ ಇದ್ದಳು.

"ಏನ ಇಟ್ಟಿಯಕ್ಕಾ?" ಅಭಿನಂದನ ಕೇಳಿದ. ಮುಖ ನಗುತ್ತಿತ್ತು, ಕೈ ಮಾತ್ರ ತೊಟ್ಟಿಲಿನ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು.

ಅವಳು ನೆಟ್ಟಗೆ ನಿಂತಳು. "ಅವೆಲಿನ್."

ಅವನು ಹಗ್ಗ ಬಿಟ್ಟ. ಗುಗ್ಗರಿಯ ಬುಟ್ಟಿ ಹೊರಗೆ ಬಂತು.

ಸಂಜೆಯ ಬಸ್ಸಿಗೆ ಅವಳು ಹೊರಟಾಗ ಲಕ್ಷ್ಮಿಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಸೆರಗು ಜಗ್ಗಿ ಹತ್ತಿರ ಕರೆದು ಕೇಳಿದಳು: "ಮಂದಿ ಮುಂದ ಹೇಳೂದು ಬ್ಯಾರೆ. ಕಿವ್ಯಾಗ ಏನ ಹೇಳಿದಿ?"

"ಬಸ್ ಬರೂ ಹೊತ್ತಾತತ್ತಿ," ಎಂದು ಉಜ್ವಲಾ ಚಪ್ಪಲಿ ಮೆಟ್ಟಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದ ಸೀಟು ಚಿಕ್ಕೋಡಿಯವರೆಗೂ ಖಾಲಿಯಿತ್ತು. ಅದರ ಮೇಲೆ ಚೀಲವಿಟ್ಟು, ತ್ರಿಶಲಾ ಕಟ್ಟಿಕೊಟ್ಟ ಗುಗ್ಗರಿಯನ್ನು ಒಂದೊಂದೇ ಕಾಳು ತಿನ್ನುತ್ತ ಕುಳಿತಳು. ಹೊರಗೆ ಕಬ್ಬಿನ ಹೊಲಗಳ ಮೇಲೆ ಹೊತ್ತು ಮುಳುಗುತ್ತಿತ್ತು.

ಕಿವಿಯಲ್ಲಿಯೂ ಅವಳು ಅವೆಲಿನ್ ಎಂದೇ ಹೇಳಿದ್ದಳು.