ಬೆನ್ನಿಗಿಟ್ಟ ಪಟ್ಟಿ

ಡ್ರೈವರ್ ತೂಕಡಿಸಬಾರದೆಂದು ಅವನ ಸೀಟಿನ ಬೆನ್ನಿನೊಳಗೆ, ಬೆನ್ನುಮೂಳೆ ತಾಗುವ ಜಾಗಕ್ಕೆ ಸರಿಯಾಗಿ, ಒಂದು ಮರದ ಪಟ್ಟಿ ಇಟ್ಟು ಮೇಲೆ ಚರ್ಮ ಹೊಲಿದಿದ್ದರು.

ವರದಿಯ ಕರಡಿನಲ್ಲಿ ಅವಳು ಅದನ್ನು ‘ಬೆನ್ನಿಗೆ ಆಸರೆ’ ಎಂದು ಬರೆದಿದ್ದಳು.

ತಪ್ಪಿನಲ್ಲಿ ಅವಳ ವೃತ್ತಿಗೂ ಪಾಲಿತ್ತು. ಹಳೆಯ ಕಾರಿನ ಒಳಭಾಗ ಮೊದಲು ಹೇಗಿತ್ತೆಂದು ಹುಡುಕುವವರು ಸೀಟನ್ನು ನೋಡಬಹುದು, ಮೂಸಬಹುದು, ಬಿಚ್ಚಬಹುದು, ಕೂರುವಂತಿಲ್ಲ. ಕೂತರೆ ಹಳೆಯ ನಾರು ಕುಸಿದು ಸಾಕ್ಷ್ಯ ಹಾಳು. ಹಾಗಾಗಿ ಆ ಸೀಟುಗಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಒಂದೇ ಸಂಗತಿ: ಅವುಗಳ ಮೇಲೆ ಕೂತರೆ ಏನಾಗುತ್ತದೆ ಎಂಬುದು.

ಮಿಕ್ಕಿದ್ದೆಲ್ಲ ಗೊತ್ತಿತ್ತು. ಈ ಮಾದರಿಯ ಕಾರನ್ನು ಕಂಪನಿ ಬೆರಳೆಣಿಕೆಯಷ್ಟೇ ಮಾಡಿತ್ತು. ಸೀಟುಗಳ ಮೇಲೆ ಇತ್ತೀಚಿನ ರೆಕ್ಸಿನ್, ಅದರಡಿ ಯಾರೋ ಶೋಕಿಗೆ ಹೊದಿಸಿದ ಮಖಮಲ್ಲು, ಅದರಡಿ ಮೂಲ ಚರ್ಮ. ಹಿಂದಿನ ಸೀಟಿನೊಳಗೆ ಕುದುರೆಕೂದಲು, ಮುಂದಿನದರಲ್ಲಿ ತೆಂಗಿನ ನಾರು. ಚರ್ಮದ ಬಣ್ಣ ಎಲ್ಲ ಕಡೆ ಸತ್ತುಹೋಗಿತ್ತು. ಹಿಂದಿನ ಸೀಟಿನ ಕೈಯೊರಗಿನ ಅಡಿಯಲ್ಲಿ, ಬಿಸಿಲು ಕಾಣದ ಅಂಗೈಯಗಲ ಜಾಗದಲ್ಲಿ ಮಾತ್ರ, ಕಡುಹಸಿರು ಹಾಗೇ ಉಳಿದಿತ್ತು. ಅದನ್ನು ಕಂಡ ದಿನ ಯಾರಿಗಾದರೂ ಹೇಳಬೇಕೆನಿಸಿ ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಮಾಡಿದಳು. ಕೊನೆಗೆ ಫೋನನ್ನು ಚೀಲಕ್ಕೆ ಹಾಕಿ ಬಣ್ಣದ ಹೆಸರು ಬರೆದುಕೊಂಡಳು.

ಹಿಂದಿನ ಮತ್ತು ಮುಂದಿನ ಸೀಟುಗಳ ನಡುವೆ ಗಾಜಿನ ಅಡ್ಡಗೋಡೆ. ಗಾಜಿನ ಪಕ್ಕದಲ್ಲಿ ಮಾತಿನ ಕೊಳವೆ: ಹಿಂದೆ ಕೂತವರ ಬಾಯಿಗೆ ಒಂದು ಪುಟ್ಟ ಬಟ್ಟಲು, ಮುಂದೆ ಡ್ರೈವರ್ ಕಿವಿಯ ಹತ್ತಿರ ಹಿತ್ತಾಳೆಯ ತುತ್ತೂರಿ. ‘ಮಾತು ಹಿಂದಿನಿಂದ ಮುಂದಕ್ಕೆ ಮಾತ್ರ’ ಎಂದು ವರದಿಯಲ್ಲಿ ಬರೆದಿದ್ದಳು. ಆ ವಾಕ್ಯ ಅಚ್ಚುಕಟ್ಟಾಗಿದೆ ಅನ್ನಿಸಿತ್ತು.

ಬೆಳಿಗ್ಗೆ ವರ್ಕ್‌ಶಾಪಿಗೆ ಬಂದ ಮಾಲೀಕ ಕರಡನ್ನು ನಿಂತುಕೊಂಡೇ ಓದಿದ. ‘ಆಸರೆ’ ಎಂಬಲ್ಲಿಗೆ ಬಂದವನು ಮನಸಾರೆ ನಕ್ಕ. ಕೆಟ್ಟ ಮನುಷ್ಯನ ನಗುವಾಗಿರಲಿಲ್ಲ ಅದು. ಅದೇ ತೊಂದರೆ.

“ಆಸರೆ ಏನ್ ಬಂತು ಮೇಡಂ. ಕಾರು ಮಾಡಿಸೋವಾಗ್ಲೇ ನಮ್ಮ ತಾತ ಹೇಳಿ ಇಡಿಸಿದ್ದು ಅದು. ಒರಗಿದ್ರೆ ಒತ್ತುತ್ತೆ, ಒರಗ್ದಿದ್ರೆ ನಿದ್ದೆ ಬರಲ್ಲ. ಹೆಂಗಿದೆ ತಲೆ?”

ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು.

ಮಾಲೀಕನ ಉತ್ಸಾಹ ಏರಿತು. ಮೂಲ ಅಂದರೆ ಮೂಲ, ಪಟ್ಟಿ ಇದ್ದಲ್ಲೇ ಕೂರಬೇಕು, ಅವಳು ಹಾಗೆಂದು ಸಹಿ ಹಾಕಬೇಕು. ನಾಳೆ ಕಾರು ಹಳೆಯ ಕಾರುಗಳ ಪ್ರದರ್ಶನ ನಡೆಯುವ ಊರಿಗೆ ರಸ್ತೆ ಮೇಲೇ ಹೋಗುತ್ತದೆ, ದಿನವಿಡೀ ದಾರಿ. ಡ್ರೈವರ್ ಹಳೇ ಕಾಲದ ಯೂನಿಫಾರ್ಮ್ ಹಾಕಿಕೊಂಡು ಓಡಿಸುತ್ತಾನೆ. ಇಷ್ಟು ಹೇಳಿ, ಮಡ್‌ಗಾರ್ಡ್ ಒರೆಸುತ್ತಿದ್ದ ಡ್ರೈವರ್ ಕಡೆ ತಿರುಗಿ, ನಿದ್ದೆ ಬರಲ್ಲ ತಾನೆ ಅಂದ.

“ಬರೋಕೆ ಬಿಟ್ರಲ್ವಾ ಸಾರ್,” ಎಂದ ಡ್ರೈವರ್.

ಎಲ್ಲರೂ ನಕ್ಕರು. ಅವಳೂ.

ಆ ಡ್ರೈವರ್ ಅವಳ ಚಿಕ್ಕಪ್ಪ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸ್ಕೂಲಿಗೆ ಹೊತ್ತುಕೊಂಡು ಹೋಗುತ್ತಿದ್ದ ಬೆನ್ನು ಅವನದು. ಈಗ ಅದಕ್ಕೆ ಅಂಗಿಯೊಳಗೊಂದು ಬೆಲ್ಟ್. ಅವಳು ಇಲ್ಲಿಗೆ ಬಂದ ಮೊದಲ ದಿನವೇ ನಲ್ಲಿಯ ಹತ್ತಿರ ಕರೆದು, ನಾನು ಚಿಕ್ಕಪ್ಪ ಅಂತ ಬಾಯಿ ಬಿಡಬೇಡ, ನಿನ್ನ ಬೆಲೆ ಇಳಿದುಹೋಗುತ್ತೆ ಎಂದಿದ್ದ. ಅವಳು ಬೇಡವೆನ್ನುವ ಮೊದಲೇ ಅವಳ ತಲೆ ಆಗಲಿ ಎಂದು ಆಡಿಬಿಟ್ಟಿತ್ತು. ಅಂದಿನಿಂದ ಅವನು ‘ಮೇಡಂ’ ಎನ್ನುತ್ತಾನೆ, ಅವಳು ‘ಡ್ರೈವರ್’ ಎನ್ನುತ್ತಾಳೆ. ನಾಟಕ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಈಚೆಗೆ ಮನೆಯಲ್ಲೂ ಅವನು ಅವಳಿಗೆ ನೀರು ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ.

ಮಧ್ಯಾಹ್ನ ಮಾಲೀಕ ಊಟಕ್ಕೆ ಹೋದ. ಬಂದು ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗುತ್ತೇನೆ, ಅಷ್ಟರಲ್ಲಿ ಮುಗಿದಿರಲಿ ಎಂದಿದ್ದ. ಕುಶನ್ ಮೇಸ್ತ್ರಿ ಪಟ್ಟಿಯನ್ನು ಅದರ ಜಾಗದಲ್ಲಿಟ್ಟು, ಚರ್ಮವನ್ನು ಸದ್ಯಕ್ಕೆ ಸಣ್ಣ ಮೊಳೆಗಳಲ್ಲಿ ಹಿಡಿಸಿ, ದಬ್ಬಳಕ್ಕೆ ದಾರ ಪೋಣಿಸುತ್ತ ಸುಮ್ಮನೆ ಹೇಳುವವನಂತೆ ಹೇಳಿದ:

“ಆಮೇಲೆ ಯಾರೋ ಸೇರಿಸಿದ್ದು ಅಂತ ಒಂದು ಗೆರೆ ಗೀಚಿಬಿಡಿ ಮೇಡಂ. ಪಟ್ಟಿ ಒಲೆಗೆ. ನಿಮಗೂ ತಲೆನೋವಿಲ್ಲ, ಅವರಿಗೂ ಬೆನ್ನುನೋವಿಲ್ಲ.”

ಸುಲಭವಿತ್ತು. ಆದರೆ ಆ ಒಂದು ಗೆರೆಗೆ ಸತ್ತ ತಾತ ಸಜ್ಜನನಾಗಿಬಿಡುತ್ತಾನೆ. ಆ ಸೀಟಿನಲ್ಲಿ ವರ್ಷಗಟ್ಟಲೆ ನೆಟ್ಟಗೆ ಕೂತು ಹೋದವರಿಗೆ ಏನೂ ಒತ್ತಿರಲೇ ಇಲ್ಲ ಎಂದಾಗುತ್ತದೆ. ನಿಜ ಬರೆದರೆ ಪಟ್ಟಿ ಮರಳುತ್ತದೆ. ಸುಳ್ಳು ಬರೆದರೆ ಪಟ್ಟಿ ಇರಲೇ ಇಲ್ಲ. ‘ಮೂಲ’ ಎಂಬ ಶಬ್ದಕ್ಕೆ ಅವಳು ಇಡೀ ಯೌವನ ಸುರಿದಿದ್ದಳು. ಅದು ಇಂಥ ಕೆಲಸಕ್ಕೂ ಒದಗುತ್ತದೆಂದು ಯಾವ ಗುರುವೂ ಹೇಳಿರಲಿಲ್ಲ.

ಅವಳು ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತಳು.

ಮೇಸ್ತ್ರಿಯ ಕೈಯಲ್ಲಿ ದಾರ ನಿಂತಿತು. ನಾರು ಕರಕರ ಎಂದಿತು. ಅವಳು ಹಿಂದಕ್ಕೆ ಒರಗಿದಳು.

ಗಾಯವಾಗುವಷ್ಟೇನೂ ಇರಲಿಲ್ಲ. ಬೆನ್ನ ಮೇಲೆ ಯಾರೋ ಬೆರಳಿಟ್ಟು ‘ಏಳು’ ಅಂದಷ್ಟು. ಅವಳು ನೆಟ್ಟಗಾದಳು, ಬೆರಳು ಹೋಯಿತು. ಮತ್ತೆ ಒರಗಿದಳು, ಬೆರಳು ಬಂತು. ಈ ಬೆರಳಿನ ಗುರುತು ಅವಳಿಗಿತ್ತು. ವಿಚಾರಗೋಷ್ಠಿಗಳಲ್ಲಿ, ದೊಡ್ಡವರ ಡ್ರಾಯಿಂಗ್ ರೂಮುಗಳಲ್ಲಿ, ತನ್ನದೇ ಹಣದಲ್ಲಿ ಕೊಂಡ ಸೋಫಾದಲ್ಲಿ ಕೂಡ ಅವಳು ಹೀಗೇ ಕೂರುತ್ತಿದ್ದಳು, ತುದಿಯಲ್ಲಿ, ಕರೆದ ತಕ್ಷಣ ಏಳುವವಳ ಹಾಗೆ. ಅವಳ ಕುರ್ಚಿಗಳೊಳಗೆ ಯಾರೂ ಪಟ್ಟಿ ಹೊಲಿದಿರಲಿಲ್ಲ. ಅಷ್ಟು ಮರ ಖರ್ಚು ಮಾಡುವ ಅಗತ್ಯವೂ ಬಿದ್ದಿರಲಿಲ್ಲ.

ಅವಳು ತಿರುಗಿ ಉಗುರಿನಿಂದ ಒಂದೊಂದೇ ಮೊಳೆ ಕಿತ್ತಳು. ಪಟ್ಟಿಯನ್ನು ಹೊರಗೆಳೆದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ನಯವಾದ ಮರ, ಕೆಲಸ ಮಾಡಿದವನು ಶ್ರದ್ಧೆಯಿಂದ ಮಾಡಿದ್ದ. ಕರಡಿನಲ್ಲಿ ‘ಆಸರೆ’ಯನ್ನು ಹೊಡೆದುಹಾಕಿ ಬರೆದಳು: ಮೂಲದ್ದೇ. ಡ್ರೈವರ್ ಒರಗಬಾರದೆಂದು ಮಾಲೀಕರು ಹೇಳಿ ಇಡಿಸಿದ್ದು. ಎಲ್ಲರೂ ನೋಡುವಂತೆ ಹೊರಗಿಡಬೇಕು. ಸೀಟಿನೊಳಗೆ ಮತ್ತೆ ಇಡಕೂಡದು.

ಮಾಲೀಕ ಬಂದವನು ಮುಂದೆ ಯಾರಿದ್ದಾರೆಂದು ನೋಡದೆ ಹಿಂದಿನ ಬಾಗಿಲು ತೆಗೆದು ಹೊಸದಾಗಿ ಹೊದಿಸಿದ ಕಡುಹಸಿರು ಚರ್ಮದಲ್ಲಿ ಹುದುಗಿಕೊಂಡ. ಆಮೇಲೆ ಗಾಜಿನಾಚೆ ಅವಳ ತಲೆ ಕಂಡಿತು, ಅವಳ ತೊಡೆಯ ಮೇಲಿನ ಪಟ್ಟಿ ಕಂಡಿತು. ಸಿಟ್ಟಾಗಲಿಲ್ಲ. ಆಟಿಕೆ ಸಿಕ್ಕವನಂತೆ ಬಟ್ಟಲನ್ನು ಬಾಯಿಗೆ ಹಿಡಿದ.

“ಮೇಡಂ, ಪಟ್ಟಿ ಒಳಗಿಟ್ಟು ಇಳೀರಿ. ಡ್ರೈವರ್ ಕೂರ್ಲಿ.”

ಮಾತು ಅವಳ ಕಿವಿಯೊಳಗೇ ಹುಟ್ಟಿದ ಹಾಗೆ ಬಂತು.

ಚಿಕ್ಕಪ್ಪ ಓಡಿ ಬಂದು ಅವಳ ಬಾಗಿಲು ತೆರೆದು ಹಿಡಿದ. ಅಭ್ಯಾಸ. ತಗ್ಗಿದ ದನಿಯಲ್ಲಿ, “ಇಳೀರಿ ಮೇಡಂ. ಒಂದು ದಿನದ ಮಾತು. ಬೆನ್ನಿಗೆ ಟವೆಲ್ ಮಡಚಿ ಇಟ್ಕೋತೀನಿ,” ಎಂದ.

“ಚಿಕ್ಕಪ್ಪ, ಆ ಕಡೆಯಿಂದ ಬಂದು ಕೂತ್ಕೋ.”

ಮೇಸ್ತ್ರಿ ತಲೆ ಎತ್ತಿದ. ಚಿಕ್ಕಪ್ಪ ತನ್ನ ಹಿಂದೆ ಇನ್ಯಾವ ಚಿಕ್ಕಪ್ಪ ನಿಂತಿದ್ದಾನೋ ಎಂಬಂತೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಒರೆಸುವ ಬಟ್ಟೆಯಲ್ಲಿ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಕಾರನ್ನು ಬಳಸಿ ಬಂದು, ಅವಳ ಪಕ್ಕದಲ್ಲಿ ಕೂತ. ಅಲ್ಲಿ ಸೀಟಿನ ಬೆನ್ನಿಗೆ ಪಟ್ಟಿ ಯಾವತ್ತೂ ಇರಲಿಲ್ಲ. ಆದರೂ ನೆಟ್ಟಗೇ ಕೂತ.

“ಪುಟ್ಟಿ, ಕೆಲಸ ಹೋಗುತ್ತೆ ಕಣೇ.”

“ಯಾರದು?”

“ಇಬ್ಬರದೂ.” ಆಮೇಲೆ, “ಮನೇಲಿ ಒಟ್ಟಿಗೆ ಕೂತು ಟೀ ಕುಡೀಬಹುದು, ಬಿಡು,” ಅಂದ.

ಕೊಳವೆ ಮತ್ತೆ ಮಾತಾಡಿತು. ಈ ಸಲ ಅದರಲ್ಲಿ ಆಟವಿರಲಿಲ್ಲ. “ಕೇಳಿಸ್ತಾ? ಇಳೀರಿ ಅಂದೆ.”

ಅವಳು ಹಿತ್ತಾಳೆಯ ತುತ್ತೂರಿಯನ್ನು ನೋಡಿದಳು. ಒಂದು ಪೊಳ್ಳು ಕೊಳವೆ, ಅಷ್ಟೆ. ಮಾತು ಒಂದೇ ಕಡೆಗೆ ಹೋಗುತ್ತದೆಂದು ಕೊಳವೆ ಎಂದೂ ಹೇಳಿರಲಿಲ್ಲ, ಅವಳೇ ಬರೆದಿದ್ದಳು. ತಿರುಗಿ ತುಟಿಯನ್ನು ಹಿತ್ತಾಳೆಯ ಹತ್ತಿರ ತಂದಳು.

“ಇಳಿಯಲ್ಲ. ಪಟ್ಟಿನೂ ಒಳಗಿಡಲ್ಲ.”

ಕನ್ನಡಿಯಲ್ಲಿ ಮಾಲೀಕ ಬಟ್ಟಲನ್ನು ಸರಕ್ಕನೆ ಮುಖದಿಂದ ದೂರ ಹಿಡಿದದ್ದು ಕಂಡಿತು. ಅದನ್ನು ತಿರುಗಿಸಿ ನೋಡಿದ. ಆಮೇಲೆ ಮತ್ತೆ ಬಾಯಿಗೆ ತಂದ. ಈಗ ಕರೆದದ್ದು ಅವಳನ್ನಲ್ಲ.

“ಡ್ರೈವರ್, ಅವರನ್ನ ಇಳಿಸು.”

ಚಿಕ್ಕಪ್ಪ ಅವಳ ಹೆಗಲ ಹಿಂದಿನಿಂದ ಕೈ ಚಾಚಿದ. ತುತ್ತೂರಿಯ ಬಾಯಿಗೆ ಅಂಗೈ ಅಡ್ಡ ಇಟ್ಟ. ಆಮೇಲೆ, ಅಲ್ಲಿ ಏನಾದರೂ ಇದೆಯೋ ಎಂದು ತಡವುವವನಂತೆ, ನಿಧಾನಕ್ಕೆ, ನಿಧಾನಕ್ಕೆ ಹಿಂದಕ್ಕೆ ಒರಗಿದ.

ಎದುರಿಗೆ ವರ್ಕ್‌ಶಾಪಿನ ಶಟರ್ ಇನ್ನೂ ಅರ್ಧ ಇಳಿದೇ ಇತ್ತು. ಅದರಡಿಯಿಂದ ಬಿಸಿಲು ಚಕ್ರಗಳ ತನಕ ಹರಿದುಬಂದಿತ್ತು. ಹಿಡಿಯೊಳಗೆ ಸಿಕ್ಕ ನೊಣದ ಹಾಗೆ ಮಾತು ಅವನ ಅಂಗೈಯಡಿ ಗುಂಯ್‌ಗುಟ್ಟುತ್ತಲೇ ಇತ್ತು. ಅವನು ಕೈ ತೆಗೆಯಲಿಲ್ಲ.